ಕಂಪ್ಯೂಟರ್ ಒಳಗೆ ಧೂಳು, ಬಿಸಿ ಕಾಟವೇ? ಹೊಸ ಫ್ಯಾನ್ ಹಾಕಿಸುವ ಮುನ್ನ ಈ ಲೆಕ್ಕ ತಿಳಿಯಿರಿ

ಮುಂಬೈ: 2024ರ ಡಿಸೆಂಬರ್ ಕೊನೆಯಲ್ಲಿ ಗಾಳಿಯ ಗುಣಮಟ್ಟ ಹದಗೆಟ್ಟಾಗ ಬೊರಿವಲಿ ಪೂರ್ವ ಮತ್ತು ಬೈಕುಲಾದಲ್ಲಿ ಎಲ್ಲ ಕಟ್ಟಡ ಕಾಮಗಾರಿ ನಿಲ್ಲಿಸಲು ಬೃಹನ್ಮುಂಬೈ ಮಹಾನಗರ ಪಾಲಿಕೆ ಆದೇಶಿಸಿತ್ತು. ಧೂಳು ಹೆಚ್ಚಾದರೆ ನಾವು ಕಿಟಕಿ ಮುಚ್ಚುತ್ತೇವೆ. ಆದರೆ ಮೇಜಿನ ಕೆಳಗಿನ ಕಂಪ್ಯೂಟರ್ ಆನ್ ಇರುವಷ್ಟು ಹೊತ್ತೂ ಅದೇ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಧೂಳು ಫಿಲ್ಟರ್‌ನಲ್ಲೇ ನಿಲ್ಲಬೇಕೇ ಅಥವಾ ಮದರ್‌ಬೋರ್ಡ್ ಮೇಲೆ ಕೂರಬೇಕೇ ಎಂಬುದನ್ನು ನಿರ್ಧರಿಸುವುದು ಫ್ಯಾನ್‌ಗಳ ಸಂಖ್ಯೆಯಲ್ಲ, ಅವುಗಳ ಸಮತೋಲನ.

ಏನಿದು ಗಾಳಿಯ ಒತ್ತಡ?

ಕ್ಯಾಬಿನೆಟ್‌ನಲ್ಲಿ ಕೆಲವು ಫ್ಯಾನ್‌ಗಳು ಗಾಳಿಯನ್ನು ಒಳಗೆ ಎಳೆದರೆ, ಕೆಲವು ಹೊರಗೆ ತಳ್ಳುತ್ತವೆ. ಒಳಬರುವ ಗಾಳಿ ಹೆಚ್ಚಿದ್ದರೆ ಅದು ಪಾಸಿಟಿವ್ ಪ್ರೆಶರ್. ಆಗ ಹೆಚ್ಚುವರಿ ಗಾಳಿ ಸಂದಿಗಳಿಂದ ಹೊರಹೋಗುವುದರಿಂದ ಆ ದಾರಿಯಲ್ಲಿ ಧೂಳು ಒಳಬರುವುದು ಕಷ್ಟ. ಹೊರಹೋಗುವ ಗಾಳಿ ಹೆಚ್ಚಿದ್ದರೆ ನೆಗೆಟಿವ್ ಪ್ರೆಶರ್. ಆಗ ಕೊರತೆ ತುಂಬಲು ಫಿಲ್ಟರ್ ಇಲ್ಲದ ಪ್ರತಿ ಸಂದಿಯಿಂದಲೂ ಗಾಳಿ ನುಗ್ಗುತ್ತದೆ, ಜೊತೆಗೆ ಧೂಳೂ ಬರುತ್ತದೆ. ಹಾಗಾಗಿ ಧೂಳಿನ ಊರಿಗೆ ಅಲ್ಪ ಪಾಸಿಟಿವ್ ಪ್ರೆಶರ್ ಒಳ್ಳೆಯದು.

ಎಷ್ಟು ಗಾಳಿ ಬೇಕು?

ನಿಮ್ಮ ಕಂಪ್ಯೂಟರ್ 300 ವ್ಯಾಟ್ ಶಾಖ ಹೊರಸೂಸುತ್ತದೆ ಎಂದುಕೊಳ್ಳಿ. ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದಾದರೆ ನಿಮಿಷಕ್ಕೆ ಸುಮಾರು 53 ಘನ ಅಡಿ ಗಾಳಿ ಹರಿಯಬೇಕು. ಫ್ಯಾನ್ ಡಬ್ಬಿಯ ಮೇಲಿನ ಸಿಎಫ್‌ಎಂ ಸಂಖ್ಯೆ ಇದೇ ಅಳತೆ. ಆದರೆ ಅದು ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನ ಲೆಕ್ಕ. ಫಿಲ್ಟರ್, ಜಾಲರಿ ಅಡ್ಡ ಬಂದರೆ ಗಾಳಿ ಕಡಿಮೆಯಾಗುತ್ತದೆ. ಹೀಗಾಗಿ ಫಿಲ್ಟರ್ ಹಿಂದೆ ಹೆಚ್ಚಿನ ಸ್ಟ್ಯಾಟಿಕ್ ಪ್ರೆಶರ್ ಇರುವ ಫ್ಯಾನ್ ಹಾಕುವುದು ಸೂಕ್ತ.

ಯಾವ ಫ್ಯಾನ್ ಎಲ್ಲಿರಬೇಕು?

* ಸಾಮಾನ್ಯ ಕ್ಯಾಬಿನೆಟ್‌ಗೆ ಮುಂದೆ ಒಳಗೆಳೆಯುವ ಎರಡು, ಹಿಂದೆ ಹೊರತಳ್ಳುವ ಒಂದು 120 ಮಿ.ಮೀ. ಫ್ಯಾನ್ ಸಾಕು.
* ಹೆಚ್ಚಿನ ಫ್ಯಾನ್‌ಗಳಲ್ಲಿ ಗಾಳಿ ಹೊರಬರುವುದು ಮೋಟಾರ್ ಹಿಡಿದಿರುವ ಕಡ್ಡಿಗಳಿರುವ ಕಡೆಯಿಂದ. ಜೋಡಿಸುವಾಗ ದಿಕ್ಕು ನೋಡಿಕೊಳ್ಳಿ.
* ಹಳೆಯ ಕ್ಯಾಬಿನೆಟ್‌ಗಳಲ್ಲಿ ಮೇಲ್ಭಾಗದಲ್ಲಿರುವ ಎಸ್‌ಎಂಪಿಎಸ್ ಕೂಡ ಒಳಗಿನ ಗಾಳಿಯನ್ನು ಹೊರಹಾಕುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ.
* ಕ್ಯಾಬಿನೆಟ್‌ನ ಹಿಂಭಾಗವನ್ನು ಗೋಡೆಗೆ ಒತ್ತಿ ಇಡಬೇಡಿ.

ಮನೆಯಲ್ಲೇ ಪರೀಕ್ಷೆ

ಕಂಪ್ಯೂಟರ್ ಆನ್ ಮಾಡಿ, ಎಲ್ಲ ಬಾಗಿಲು ಮುಚ್ಚಿ. ಹಿಂಬದಿಯಲ್ಲಿ ಫ್ಯಾನ್‌ನಿಂದ ದೂರವಿರುವ ಒಂದು ಸಂದಿಯ ಬಳಿ ತೆಳುವಾದ ಟಿಶ್ಯೂ ಪೇಪರ್ ಚೂರನ್ನು ಹಿಡಿಯಿರಿ. ಕಾಗದ ಹೊರಗೆ ಹಾರಿದರೆ ಪಾಸಿಟಿವ್, ಸಂದಿಗೆ ಅಂಟಿಕೊಂಡರೆ ನೆಗೆಟಿವ್. ನೆಗೆಟಿವ್ ಇದ್ದರೆ ತಕ್ಷಣ ಹೊಸ ಫ್ಯಾನ್ ಕೊಳ್ಳಬೇಡಿ. ಮೊದಲು ಮುಂದಿನ ಫಿಲ್ಟರ್ ತೊಳೆದು ನೋಡಿ. ಧೂಳು ಕಟ್ಟಿದ ಫಿಲ್ಟರ್ ಹಿಂದೆ ಮೂರು ಫ್ಯಾನ್ ಇದ್ದರೂ ಗಾಳಿ ಸಾಲದು. ಆಗಲೂ ಸರಿಹೋಗದಿದ್ದರೆ ಹಿಂದಿನ ಫ್ಯಾನ್ ವೇಗವನ್ನು ಬಯೋಸ್‌ನಲ್ಲಿ ಸ್ವಲ್ಪ ತಗ್ಗಿಸಿ.

ಮಳೆಗಾಲದಲ್ಲಿ ಎಚ್ಚರ

ಫ್ಯಾನ್‌ಗಳು ಕೋಣೆಗಿಂತ ಹೆಚ್ಚು ತಂಪು ಮಾಡಲಾರವು. ಓಡುತ್ತಿರುವ ಕಂಪ್ಯೂಟರ್ ಕೋಣೆಗಿಂತ ಬೆಚ್ಚಗಿರುವುದರಿಂದ ಒಳಗೆ ನೀರಹನಿ ಕಟ್ಟುವ ಭಯವಿಲ್ಲ. ಆದರೆ ತೇವಕ್ಕೆ ಧೂಳು ಮೆತ್ತಿಕೊಂಡು ಹೀಟ್‌ಸಿಂಕ್ ಸಂದಿಗಳನ್ನು ಮುಚ್ಚುತ್ತದೆ. ಇತ್ತೀಚಿನ ಹೆಚ್ಚಿನ ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ತಲುಪಿದಾಗ ತಾವಾಗಿಯೇ ವೇಗ ಕಡಿಮೆ ಮಾಡುತ್ತವೆ. ಕಂಪ್ಯೂಟರ್ ಇದ್ದಕ್ಕಿದ್ದಂತೆ ನಿಧಾನವಾಗಲು ಇದೂ ಕಾರಣವಿರಬಹುದು.

ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಬ್ಲೋವರ್ ಬಳಸುವ ಮುನ್ನ ಪ್ಲಗ್ ತೆಗೆಯಿರಿ. ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದುಕೊಳ್ಳಿ. ಇಲ್ಲದಿದ್ದರೆ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗಬಹುದು.