ಮರುಧರೆಯ ಬೇಸಿಗೆ

ಮೇ ತಿಂಗಳ ಕೊನೆಯ ವಾರದಲ್ಲಿ ಸೂರ್ಯನು ರೋಹಿಣಿ ನಕ್ಷತ್ರವನ್ನು ಪ್ರವೇಶಿಸಿದಾಗ ಕನ್ನಡ ನಾಡಿನ ರೈತನು ಆಕಾಶವನ್ನು ನೋಡುವುದು ಮಳೆಗಾಗಿ. ಅದೇ ದಿನಗಳಲ್ಲಿ ರಾಜಸ್ಥಾನದ ಮಾರವಾಡ, ಬಿಕಾನೇರ, ಜೈಸಲ್ಮೇರ ಪ್ರಾಂತಗಳಲ್ಲಿ 'ನೌತಪಾ' ಎಂದು ಕರೆಯಲ್ಪಡುವ ಒಂಬತ್ತು ದಿನಗಳ ಉಗ್ರ ತಾಪವು ಮೊದಲಾಗುತ್ತದೆ. ನಕ್ಷತ್ರ ಒಂದೇ, ಪಂಚಾಂಗವೂ ಒಂದೇ. ಆದರೆ ಒಂದು ಕಡೆ ಬಿತ್ತನೆಯ ಸಿದ್ಧತೆ, ಇನ್ನೊಂದು ಕಡೆ ಉಸಿರುಳಿಸಿಕೊಳ್ಳುವ ಚಿಂತೆ.

ಥಾರ್ ಮರುಭೂಮಿಯ ಈ ಬೇಗೆಗೆ ಕಾರಣಗಳು ಸ್ಪಷ್ಟವಾಗಿವೆ. ತೇವವುಳ್ಳ ನೆಲದಲ್ಲಿ ಬಿಸಿಲಿನ ಶಕ್ತಿಯ ಒಂದು ಭಾಗ ನೀರನ್ನು ಆವಿಯಾಗಿಸುವುದರಲ್ಲಿಯೇ ವ್ಯಯವಾಗುತ್ತದೆ. ಒಣ ಮರಳಿನಲ್ಲಿ ಆ ತಡೆ ಇಲ್ಲದಿರುವುದರಿಂದ ಅದೆಲ್ಲವೂ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಮೇಲಿನಿಂದ ಇಳಿಯುವ ಗಾಳಿ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಸಿಯಾಗುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ. ಪಶ್ಚಿಮದಿಂದ 'ಲೂ' ಎಂಬ ಬಿಸಿಗಾಳಿ ಹಗಲೆಲ್ಲ ಬೀಸುತ್ತದೆ. ಒಣ ಗಾಳಿಯಲ್ಲಿ ಬೆವರು ಕಾಣುವ ಮೊದಲೇ ಆರಿಹೋಗುವುದರಿಂದ ಶರೀರದಿಂದ ಎಷ್ಟು ನೀರು ಹೋಯಿತೆಂಬುದು ದುಡಿಯುವವನ ಅರಿವಿಗೆ ಬರುವುದಿಲ್ಲ. ಮರುಭೂಮಿಯ ರಾತ್ರಿ ಸಾಮಾನ್ಯವಾಗಿ ತಂಪು; ಅದೂ ತಪ್ಪಿ ರಾತ್ರಿಗಳೂ ಬಿಸಿಯಾಗಿಯೇ ಉಳಿದರೆ, ದಿನದ ದಣಿವು ದಿನಕ್ಕೆ ಕಳೆಯದೆ ಸಂಚಯವಾಗುತ್ತದೆ. ದೀರ್ಘಕಾಲದ ಉಷ್ಣ ಅಲೆಯು ಒಂದು ದಿನದ ಬಿಸಿಲಿಗಿಂತ ಹೆಚ್ಚು ಮಾರಕವಾಗುವುದು ಹೀಗೆ.

1956ರ ಮೇ 10ರಂದು ಅಲ್ವರದಲ್ಲಿ 50.6 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅರವತ್ತು ವರ್ಷಗಳ ತರುವಾಯ, 2016ರ ಮೇ 19ರಂದು, ಜೋಧಪುರದ ಉತ್ತರಕ್ಕಿರುವ ಫಲೋದಿಯಲ್ಲಿ 51 ಡಿಗ್ರಿ ದಾಖಲಾಗಿ ಅದನ್ನು ಮೀರಿಸಿತು. 2019ರಲ್ಲಿಯೂ 2024ರಲ್ಲಿಯೂ ಚೂರು ಪಟ್ಟಣವು 50 ಡಿಗ್ರಿಯನ್ನು ದಾಟಿತು. ವಿಚಿತ್ರವೆಂದರೆ, ಮಾರವಾಡದ ಹಿರಿಯರಿಗೆ '56' ಎಂಬ ಅಂಕಿ ಅಲ್ವರದ ಉಷ್ಣಮಾಪಕವನ್ನು ನೆನಪಿಸುವುದಿಲ್ಲ. ಅವರ ಪಾಲಿಗೆ ಅದು ವಿಕ್ರಮ ಸಂವತ್ 1956, ಅಂದರೆ 'ಛಪ್ಪನಿಯಾ'.

ಕ್ರಿ.ಶ. 1899ರಲ್ಲಿ ಮುಂಗಾರು ಸಂಪೂರ್ಣವಾಗಿ ಕೈಕೊಟ್ಟಿತು. ಅನ್ನ, ನೀರು, ಮೇವು ಮೂರೂ ಇಲ್ಲವಾದ ಬರಗಾಲಕ್ಕೆ ಆ ನಾಡಿನಲ್ಲಿ 'ತ್ರಿಕಾಲ' ಎಂಬ ಹೆಸರಿದೆ. ಛಪ್ಪನಿಯಾ ಅಂತಹ ತ್ರಿಕಾಲ. ಬರ ಬಂದಾಗ ದನಕರುಗಳೊಡನೆ ಮಾಳವಕ್ಕೋ ಗುಜರಾತಿಗೋ ಹೊರಟುಹೋಗುವುದು ಮಾರವಾಡಿಗಳ ಪೂರ್ವಿಕ ಪದ್ಧತಿ. ಆ ವರ್ಷ ಮಾಳವವೂ ಗುಜರಾತೂ ಬರಕ್ಕೆ ತುತ್ತಾಗಿದ್ದವು. ಹೋದವರಿಗೆ ಅಲ್ಲಿಯೂ ಹುಲ್ಲು ದೊರೆಯಲಿಲ್ಲ. ತಂದ ಗೋವುಗಳನ್ನು ಕಳೆದುಕೊಂಡು ಬರಿಗೈಯಲ್ಲಿ ಹಿಂತಿರುಗಿದವರೆಷ್ಟೋ, ಹಿಂತಿರುಗದವರೆಷ್ಟೋ. 1900ರ ಬೇಸಿಗೆ ಬಂದಾಗ ಹಸಿದ ಶರೀರಗಳ ಮೇಲೆ ಬಿಸಿಲು ಬಿದ್ದಿತು. ಉಳಿದಿದ್ದ ಕೆಲವೇ ಬಾವಿಗಳ ಕಲುಷಿತ ನೀರಿನಿಂದ ಕಾಲರಾ ಹರಡಿತು. ಕೊನೆಗೆ ಮಳೆ ಬಂದಿತು. ಅದರೊಡನೆ ಮಲೇರಿಯಾ ಜ್ವರವೂ ಬಂದು, ಬರದಿಂದ ಪಾರಾದವರನ್ನು ಕೊಂದಿತು.

ಜನಗಣತಿಯ ಅಂಕಿಗಳು ಶುಷ್ಕವಾದರೂ ಇಲ್ಲಿ ಅವುಗಳನ್ನು ಹೇಳಲೇಬೇಕು. 1891ರಲ್ಲಿ ಜೋಧಪುರ ಸಂಸ್ಥಾನದ ಜನಸಂಖ್ಯೆ ಸುಮಾರು 25 ಲಕ್ಷ. 1901ರಲ್ಲಿ 19 ಲಕ್ಷ ಚಿಲ್ಲರೆ. ಬಿಕಾನೇರದಲ್ಲಿ 8.3 ಲಕ್ಷವಿದ್ದುದು 5.8 ಲಕ್ಷಕ್ಕೆ ಇಳಿಯಿತು. ಜೈಸಲ್ಮೇರ ತನ್ನ ಜನರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಇವರೆಲ್ಲರೂ ಸತ್ತವರಲ್ಲ, ವಲಸೆ ಹೋದವರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಆದರೂ ಅಷ್ಟು ಹೊತ್ತಿಗಾಗಲೇ ಜೋಧಪುರ, ಬಿಕಾನೇರಗಳಿಗೆ ರೈಲು ಬಂದಿತ್ತೆಂಬುದನ್ನು ಮರೆಯಲಾಗದು. ಹೊರಗಿನಿಂದ ಧಾನ್ಯ ತರುವ ಮಾರ್ಗವಿತ್ತು. ಕೊಳ್ಳುವ ಹಣ ಬಡವನಲ್ಲಿರಲಿಲ್ಲ. ಆಕಾಶ ಮುನಿದುದು ನಿಜ, ಆದರೆ ಎಲ್ಲವನ್ನೂ ಆಕಾಶದ ಮೇಲೆ ಹಾಕುವುದು ನ್ಯಾಯವಲ್ಲ.

ಇಂತಹ ನೆಲದಲ್ಲಿ ಜನ ಶತಮಾನಗಳಿಂದ ಬದುಕಿದ್ದಾದರೂ ಹೇಗೆ? ವರ್ಷಕ್ಕೆ ಸುಮಾರು 200 ಮಿ.ಮೀ. ಮಳೆ ಬೀಳುವ ಜೈಸಲ್ಮೇರದ ಆಸುಪಾಸಿನಲ್ಲಿ ಪಾಲಿವಾಲ ಬ್ರಾಹ್ಮಣರು 'ಖಡೀನ'ಗಳನ್ನು ಕಟ್ಟಿದರು. ಕಲ್ಲುಬಂಡೆಯ ಇಳಿಜಾರಿನಿಂದ ಹರಿದು ಬರುವ ಮಳೆನೀರನ್ನು ತಗ್ಗಿನಲ್ಲಿ ಮಣ್ಣಿನ ಏರಿಯಿಂದ ತಡೆದು, ನೆಲಕ್ಕೆ ಇಂಗಿಸಿ, ಆ ತೇವದಲ್ಲಿ ಹಿಂಗಾರಿನ ಗೋಧಿ, ಕಡಲೆಗಳನ್ನು ಬೆಳೆಯುವ ವಿಧಾನವದು. ಮರಳಿನ ಕೆಳಗೆ ಜಿಪ್ಸಮ್ ಪದರವಿರುವೆಡೆ, ಒಬ್ಬನು ಕುಳಿತು ತೋಡುವಷ್ಟೇ ಅಗಲದ 'ಕುಂಯಿ' ಎಂಬ ಕಿರುಬಾವಿಗಳನ್ನು ತೋಡಿದರು. ಬಾಯಿ ಕಿರಿದಾದುದರಿಂದ ಬಿಸಿಲು ನೀರನ್ನು ಕದಿಯಲಾರದು. ಮನೆಯಂಗಳದಲ್ಲಿ ಸುಣ್ಣದ ಗಾರೆ ಮಾಡಿ ಮುಚ್ಚಿದ ನೆಲದೊಳಗಿನ 'ಟಾಂಕಾ', ಅದಕ್ಕೆ ನೀರು ಹರಿದು ಬರುವ 'ಆಗೋರ' ಎಂಬ ಸುತ್ತಣ ನೆಲ. ಆಗೋರದಲ್ಲಿ ಪಾದರಕ್ಷೆ ಹಾಕಿ ನಡೆಯುವಂತಿಲ್ಲ, ದನ ಕಟ್ಟುವಂತಿಲ್ಲ. ದೇವಾಲಯದ ಪ್ರಾಕಾರಕ್ಕೆ ಸಲ್ಲುವ ಮರ್ಯಾದೆ ಅಲ್ಲಿ ನೀರು ಹರಿಯುವ ನೆಲಕ್ಕೆ ಸಲ್ಲುತ್ತಿತ್ತು.

ಒಣ ಹವೆಯು ಕೊಲ್ಲುವುದನ್ನಷ್ಟೇ ಮಾಡಲಿಲ್ಲ ಎಂಬುದನ್ನೂ ಇಲ್ಲಿ ಹೇಳಬಹುದು. ಜೈಸಲ್ಮೇರ ಕೋಟೆಯ ಜಿನಭದ್ರಸೂರಿ ಜ್ಞಾನಭಂಡಾರದಲ್ಲಿ 11ನೆಯ ಶತಮಾನದ ತಾಳೆಗರಿಗಳು ಕೆಡದೆ ಉಳಿದಿವೆ. ಮೂಡುಬಿದಿರೆಯ ತೇವದ ಗಾಳಿಯಲ್ಲಿ ಧವಳ ಗ್ರಂಥಗಳನ್ನು ಕಾಪಾಡಲು ಪಟ್ಟ ಶ್ರಮವನ್ನು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಮರುನಾಡಿನ ಶ್ರಾವಕ ವರ್ತಕರು ದಾರಿಗಳಲ್ಲಿ, ಬಾವಿಗಳ ಬಳಿಯಲ್ಲಿ 'ಪ್ಯಾವು'ಗಳನ್ನು ಇರಿಸಿದರು. ಕನ್ನಡದ ಅರವಟ್ಟಿಗೆಯೇ ಅದು. ಮಣ್ಣಿನ ಗಡಿಗೆಗಳ ಸಾಲು, ಬಟ್ಟೆಯಲ್ಲಿ ಸೋಸಿದ ನೀರು, ಬಂದವರ ಬೊಗಸೆಗೆ ಎರೆಯುವ ಒಬ್ಬ ಆಳು. ನೀರನ್ನು ಸೋಸುವುದು ಅದರಲ್ಲಿರುವ ಸೂಕ್ಷ್ಮ ಜೀವಿಗಳ ರಕ್ಷಣೆಗಾಗಿ. ಇಷ್ಟು ಸೂಕ್ಷ್ಮವಾದ ಅಹಿಂಸೆಯಿದ್ದ ನಾಡಿನಲ್ಲಿಯೇ ಅನೇಕ ಪ್ಯಾವುಗಳಲ್ಲಿ ಇನ್ನೊಂದು ವ್ಯವಸ್ಥೆಯೂ ಇತ್ತು: ಅಸ್ಪೃಶ್ಯರೆನಿಸಿಕೊಂಡವರಿಗೆ ಗಡಿಗೆಯ ಬಳಿಗೆ ಬರಲು ಅವಕಾಶವಿಲ್ಲದೆ, ಉದ್ದನೆಯ ನಳಿಕೆಯೊಂದರ ಮೂಲಕ ದೂರದಿಂದ ನೀರು ಬಿಡಲಾಗುತ್ತಿತ್ತು. ಮತದ ಭೇದವಿಲ್ಲದೆ ಎಲ್ಲ ಮೇಲ್ವರ್ಗದವರಲ್ಲಿಯೂ ಕಂಡುಬಂದ ರೂಢಿ ಇದು. ಜಲಕಾಯದ ಜೀವಿಗೆ ದೊರೆತ ದಯೆ ಬಾಯಾರಿದ ಮನುಷ್ಯನವರೆಗೆ ಪೂರ್ತಿಯಾಗಿ ತಲುಪಲಿಲ್ಲ. ಅರವಟ್ಟಿಗೆಯ ಪುಣ್ಯವನ್ನು ವರ್ಣಿಸುವವರು ನಳಿಕೆಯನ್ನು ಬಿಟ್ಟುಬಿಡುವುದು ಇತಿಹಾಸಕ್ಕೆ ಮಾಡುವ ಅಪಚಾರ.

ಸಾಧುವಿನ ಇಪ್ಪತ್ತೆರಡು ಪರೀಷಹಗಳಲ್ಲಿ ತೃಷೆಯು ಎರಡನೆಯದು, ಉಷ್ಣವು ನಾಲ್ಕನೆಯದು. ಫಲೋದಿ, ಲಾಡನೂ, ಓಸಿಯಾಗಳ ದಾರಿಯಲ್ಲಿ ಬರಿಗಾಲಿನಲ್ಲಿ ವಿಹಾರ ಮಾಡುವ ಸಾಧು ಸಾಧ್ವಿಯರು ಬೀಸಣಿಗೆಯನ್ನೂ ಮುಟ್ಟದೆ ಬೇಗೆಯನ್ನು ಸಹಿಸುತ್ತಾರೆ. ಅದು ಅವರು ತಾವಾಗಿ ಅಂಗೀಕರಿಸಿದ ವ್ರತ. ಇಟ್ಟಿಗೆ ಹೊರುವ ಕೂಲಿಯವಳು, ಉಪ್ಪಿನ ಗದ್ದೆಯಲ್ಲಿ ನಡುಹಗಲು ನಿಂತವನು ಯಾವ ವ್ರತವನ್ನೂ ತೊಟ್ಟವರಲ್ಲ. ಅವರ ಸಂಕಟವನ್ನು ಸಹನೆಯೆಂದು ಹೊಗಳುವುದು ಪರೀಷಹ ಎಂಬ ಶಬ್ದದ ಅರ್ಥವನ್ನೇ ಕೆಡಿಸುತ್ತದೆ. ಮುನಿಗೆ ಸಹನೆ ಧರ್ಮ. ಅವರೆದುರಿನ ಗೃಹಸ್ಥನಿಗೆ ನೆರಳು ಮಾಡಿಕೊಡುವುದು ಧರ್ಮ.

ಇಪ್ಪತ್ತನೆಯ ಶತಮಾನದಲ್ಲಿ ಕಾಲುವೆಗಳು ಬಂದವು. ಬಿಕಾನೇರದ ಮಹಾರಾಜ ಗಂಗಾಸಿಂಹನ ಪ್ರಯತ್ನದಿಂದ 1927ರಲ್ಲಿ ಗಂಗ ಕಾಲುವೆಯಲ್ಲಿ ಸತಲಜದ ನೀರು ಹರಿಯಿತು. ಆತನು ಪಟ್ಟದ ಆರಂಭದ ದಿನಗಳಲ್ಲಿಯೇ ಛಪ್ಪನಿಯಾವನ್ನು ಕಂಡವನು. 1958ರಲ್ಲಿ ಆರಂಭವಾದ ರಾಜಸ್ಥಾನ ಕಾಲುವೆ ಮುಂದೆ ಇಂದಿರಾ ಗಾಂಧಿಯವರ ಹೆಸರನ್ನು ಪಡೆದು ಜೈಸಲ್ಮೇರವನ್ನು ತಲುಪಿತು. ಕೊಳವೆಯ ನೀರು ಬಂದಂತೆ ಅನೇಕ ಊರುಗಳಲ್ಲಿ ಟಾಂಕಾಗಳು ಹಾಳುಬಿದ್ದವು, ಆಗೋರಗಳ ಮೇಲೆ ಮನೆಗಳೆದ್ದವು. ಖಡೀನಗಳನ್ನು ಕಟ್ಟಿದ ಪಾಲಿವಾಲರಿಗೆ ಹೆಸರು ಕೊಟ್ಟ ಪಾಲಿ ಪಟ್ಟಣಕ್ಕೇ 2022ರ ಬೇಸಿಗೆಯಲ್ಲಿ ಜೋಧಪುರದಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಬೇಕಾಯಿತು.

2024ರ ಮೇ 30ರಂದು, ಫಲೋದಿ ಮತ್ತು ಚೂರುಗಳು 50 ಡಿಗ್ರಿಯಲ್ಲಿ ಬೆಂದ ವಾರದಲ್ಲಿಯೇ, ರಾಜಸ್ಥಾನದ ಉಚ್ಚ ನ್ಯಾಯಾಲಯವು ಸ್ವಯಂಪ್ರೇರಣೆಯಿಂದ ಈ ವಿಷಯವನ್ನು ಕೈಗೆತ್ತಿಕೊಂಡಿತು. ಉಷ್ಣ ಅಲೆಯನ್ನು ರಾಷ್ಟ್ರೀಯ ವಿಪತ್ತೆಂದು ಘೋಷಿಸುವ ಅಗತ್ಯವಿದೆಯೆಂದು ಅಭಿಪ್ರಾಯಪಟ್ಟು, ಬಿಸಿಲಿಗೆ ಬಲಿಯಾದವರ ಅವಲಂಬಿತರಿಗೆ ಪರಿಹಾರ ನೀಡುವಂತೆ ಸರ್ಕಾರಕ್ಕೆ ಸೂಚಿಸಿತು. ಭೂಕಂಪ, ಪ್ರವಾಹ, ಚಂಡಮಾರುತಗಳಿಗೆ ದೇಶದ ವಿಪತ್ತು ಪಟ್ಟಿಯಲ್ಲಿ ಸ್ಥಾನವಿತ್ತು. ಶೀತ ಅಲೆಗೂ ಇತ್ತು. ಬಿಸಿಲಿಗೆ ಆಗ ಅದರಲ್ಲಿ ಸ್ಥಾನವಿರಲಿಲ್ಲ.