ಠಾಣೆಗೆ ಸುದ್ದಿ ಒಯ್ದವರು

ಪೊಲೀಸ್ ಠಾಣೆಯೊಳಗಿನ ಹಿಂಸೆಯ ಬಗ್ಗೆ ದಲಿತ ಬರಹ ಸಾಕಷ್ಟು ಹೇಳಿದೆ. ಲಕ್ಷ್ಮಣ ಗಾಯಕವಾಡರ ‘ಉಚಲ್ಯಾ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಠಾಣೆಗೆ ಸುದ್ದಿ ಮುಟ್ಟಿಸಿದವನು ಯಾರು, ಏನೆಂದು ಮುಟ್ಟಿಸಿದ ಎಂದು ನಮ್ಮ ವಿಮರ್ಶೆ ಕೇಳಿದ್ದು ಕಡಿಮೆ. ಇತಿಹಾಸ ಪಾಠ ಮಾಡುವ ನನ್ನನ್ನು ಈ ಪ್ರಶ್ನೆ ಬಿಡದೆ ಕಾಡಿದೆ. ಯಾಕೆಂದರೆ ಮುಟ್ಟಿಸಿದ ಸುದ್ದಿ ಬಹಳ ಸಣ್ಣದು: ಊರ ಹೊರಗೆ ಗುಡಾರ ಬಿದ್ದಿದೆ, ಒಲೆ ಹಚ್ಚಿದ್ದಾರೆ, ಕತ್ತೆ ಮೇಯುತ್ತಿವೆ. ಅಷ್ಟೇ. ಯಾರ ಮನೆಯೂ ಕಳುವಾಗಿರಬೇಕಾಗಿರಲಿಲ್ಲ.

1871ರ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಎಂದರೆ ನಮಗೆ ನೆನಪಾಗುವುದು ಹಾಜರಿ, ಪಾಸು, ವಾರಂಟಿಲ್ಲದ ಬಂಧನ. ಅದರಲ್ಲಿ ಇನ್ನೊಂದು ಕಲಮಿದೆ. ಪಟ್ಟಿಗೆ ಸೇರಿದ ಜಾತಿಯವನು ಹಾಜರಿ ತಪ್ಪಿಸಿದರೆ, ಇದ್ದ ಜಾಗ ಬಿಟ್ಟು ಹೊರಟರೆ ಊರ ಪಟೇಲ, ಕಾವಲುಗಾರ, ಜಮೀನಿನ ಒಡೆಯ ಮೂವರೂ ಹತ್ತಿರದ ಠಾಣೆಗೆ ತಿಳಿಸಬೇಕು. ಅಂಥವರೆಂದು ಅನುಮಾನ ಬರುವವರು ಊರಿಗೆ ಬಂದರೂ ಪಟೇಲ, ಕಾವಲುಗಾರ ಹೇಳಲೇಬೇಕು. ಹೇಳದಿದ್ದರೆ ಅವರಿಗೇ ಶಿಕ್ಷೆ. ನೆರೆಯವನ ನಡಿಗೆಯನ್ನು ಕಂಡು ಪೊಲೀಸರಿಗೆ ಹೇಳುವುದು ಹೀಗೆ ಸರ್ಕಾರಿ ಕರ್ತವ್ಯವಾಯಿತು. 1911ರಲ್ಲಿ ಈ ಕಾಯ್ದೆ ಮದ್ರಾಸ್ ಪ್ರಾಂತ್ಯಕ್ಕೂ, ಅಂದರೆ ಆಗ ಅದರೊಳಗಿದ್ದ ಬಳ್ಳಾರಿ ಸೀಮೆಗೂ ಬಂತು.

ಆ ‘ಅನುಮಾನ’ ಆಕಾಶದಿಂದ ಉದುರಿದ್ದಲ್ಲ. ಕೊರಚರು, ಕೊರಮರು ಕತ್ತೆ, ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರಿಗೆ ಮಾರುತ್ತಿದ್ದವರು. ಅವರು ಬಂದರೆ ಊರಿಗೆ ಉಪ್ಪು ಬಂತು ಅಂತಲೇ ಅರ್ಥ. ಬ್ರಿಟಿಷರ ಉಪ್ಪಿನ ನೀತಿ, ಆಮೇಲೆ ರೈಲು ಈ ಕಸುಬನ್ನು ಮುರಿದವು. ಉಪ್ಪು ತರುವಾಗ ಬೇಕಾಗಿದ್ದ ಅದೇ ಮನುಷ್ಯ, ಬರಿಗೈಲಿ ಅದೇ ದಾರಿ ಹಿಡಿದು ಬಂದಾಗ ಕಳ್ಳನಾಗಿ ಕಂಡ. ದಾರಿ ಬದಲಾಗಿರಲಿಲ್ಲ, ನಡೆಯುವವನೂ ಬದಲಾಗಿರಲಿಲ್ಲ.

ಇಲ್ಲಿ ನಮಗೇ ನೋವಾಗುವ ಮಾತೊಂದಿದೆ. ಸುದ್ದಿ ಹೇಳುವ ಹೊಣೆ ಪಟೇಲನದಾದರೂ ಅದನ್ನು ಹೊತ್ತುಕೊಂಡು ಹರದಾರಿಗಟ್ಟಲೆ ನಡೆಯುವವರು ಪಟೇಲರಾಗಿರಲಿಲ್ಲ, ತಳವಾರ, ತೋಟಿಗಳು. ಬಹಳ ಊರುಗಳಲ್ಲಿ ಅವರು ಕೆಳಜಾತಿಯವರೇ. ತೋಟಿಕೆ ಅನೇಕ ಕಡೆ ಹೊಲೆಯ, ಮಾದಿಗರ ಪಾಲಿನ ಬಿಟ್ಟಿ ಚಾಕರಿ. ಊರೊಳಗೆ ಜಾಗವಿಲ್ಲದವನು ಊರ ಹೊರಗಿನ ಗುಡಾರದ ಮೇಲೆ ದೂರು ಒಯ್ಯಬೇಕು. ಒಯ್ಯದಿದ್ದರೆ ಕಾಯ್ದೆಯೂ ಬಿಡದು, ಪಟೇಲನೂ ಬಿಡ. ಅವನನ್ನು ದ್ರೋಹಿ ಅನ್ನಲು ನಾನು ತಯಾರಿಲ್ಲ. ಆದರೆ ‘ಶೋಷಿತರೆಲ್ಲ ಒಂದು’ ಎಂಬ ಭಾಷಣ ಮಾಡುವಾಗ ಅವನ ಕಾಲ್ದಾರಿಯನ್ನು ದಾಟಿ ಹೋಗಲೂ ಆಗದು. ಅಲೆಮಾರಿಗಳು ದಲಿತ ಚಳವಳಿಯ ವೇದಿಕೆಗೆ ತಡವಾಗಿ ಬಂದದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದೇ ನನ್ನ ಅಂದಾಜು.

ಹುಬ್ಬಳ್ಳಿ, ಗದಗಗಳಲ್ಲಿ ಬೇಲಿ ಹಾಕಿ ಕೂಡಿಹಾಕಿ ಗಿರಣಿ ಕೆಲಸಕ್ಕೆ ಹಚ್ಚಿದ ಕಥೆ ಬೇರೆಯೇ ಇದೆ. ಆ ಬಡಾವಣೆಗಳಿಗೆ ‘ಸೆಟ್ಲಮೆಂಟ್’ ಎಂಬ ಹೆಸರು ಮಾತ್ರ ಹೋಗಿಲ್ಲ.

ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. 1961ರಲ್ಲಿ ನಮ್ಮ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿತು. ಜಾತಿಯ ಹೆಸರು ಹೋಯಿತು, ರಿಜಿಸ್ಟರು ಉಳಿಯಿತು. ಅನುಮಾನಪಡುವ ಕಣ್ಣಿಗಂತೂ ಯಾವ ರದ್ದತಿಯೂ ತಾಗಲಿಲ್ಲ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಭಿಕ್ಷೆಗೆ ಬಂದಿದ್ದ ನಾಥಪಂಥಿ ಡವರಿ ಗೋಸಾವಿ ಅಲೆಮಾರಿಗಳು ಐವರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದು ಕೊಂದರು. ಅಲ್ಲಿ ಠಾಣೆಗೆ ಹೇಳುವ ತಾಳ್ಮೆಯೂ ಇರಲಿಲ್ಲ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜೈಲುಗಳಲ್ಲಿನ ಜಾತಿ ತಾರತಮ್ಯದ ಮೊಕದ್ದಮೆಯಲ್ಲಿ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸದಂತೆ ನೋಡಿಕೊಳ್ಳಬೇಕೆಂದು ಪೊಲೀಸರಿಗೆ ಹೇಳಿತು. ಒಳ್ಳೆಯ ಆದೇಶ. ಅದು ತಲುಪಬೇಕಾದದ್ದು ಠಾಣೆಗೆ; ಗುಡಾರ ಕಂಡೊಡನೆ ಠಾಣೆಯ ಕಡೆ ಹೆಜ್ಜೆ ಹಾಕುವ ಊರಿನವರಿಗೆ ಅದರಲ್ಲಿ ಒಂದು ಮಾತೂ ಇಲ್ಲ, ಇರುವುದು ಸಾಧ್ಯವೂ ಇರಲಿಲ್ಲ.