ಒಕ್ಕದ ಹೆಸರಿಲ್ಲದವನು: ಕಿರುತೆರೆಯ ಫ್ರಾಂಕನ್‌ಸ್ಟೈನ್ ಮತ್ತು ಕಾವೇರಿಯ ಕಥೆ

ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ (1818) ಕಿರುತೆರೆಗೆ ಬಂದದ್ದು ಒಂದೆರಡು ಸಲವಲ್ಲ. ಅಮೆರಿಕದ ಎನ್‌ಬಿಸಿ ವಾಹಿನಿ 1973ರಲ್ಲಿ ಎರಡು ಭಾಗಗಳಾಗಿ ಪ್ರಸಾರ ಮಾಡಿದ ‘ಫ್ರಾಂಕನ್‌ಸ್ಟೈನ್: ದಿ ಟ್ರೂ ಸ್ಟೋರಿ’ಯನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇನೆ. ನಿರ್ದೇಶನ ಜ್ಯಾಕ್ ಸ್ಮೈಟ್‌ರದು. ಚಿತ್ರಕಥೆ ಕ್ರಿಸ್ಟೋಫರ್ ಇಷರ್‌ವುಡ್ ಮತ್ತು ಡಾನ್ ಬಕಾರ್ಡಿಯವರದು. ಇಷರ್‌ವುಡ್ ಹಾಲಿವುಡ್ಡಿನ ಸ್ವಾಮಿ ಪ್ರಭವಾನಂದರ ಶಿಷ್ಯರು. ಗುರುಗಳ ಜೊತೆ ಕೂತು ಗೀತೆಯನ್ನು ಇಂಗ್ಲಿಷಿಗೆ ತಂದವರು (1944), ರಾಮಕೃಷ್ಣರ ಚರಿತ್ರೆ ಬರೆದವರು (1965). ನಮ್ಮ ಕೊಡಗಿನ ಪೊನ್ನಂಪೇಟೆಯ ಶಾರದಾಶ್ರಮವೂ ಅದೇ ರಾಮಕೃಷ್ಣ ಸಂಘದ್ದು. ಹಾಗೆಂದು ಈ ಚಿತ್ರದಲ್ಲಿ ವೇದಾಂತ ಹುಡುಕಲು ಹೊರಟರೆ ಅದು ಅವಸರವಾದೀತು. ನನಗೆ ಕಂಡ ಕೊಂಡಿ ತಲಕಾವೇರಿಯದು.

ಕಾದಂಬರಿಯ ಜೀವಿ ಕಣ್ಣು ಬಿಟ್ಟಾಗಲೇ ವಿಕಾರ. ಅದನ್ನು ಮಾಡಿದ ವಿಕ್ಟರ್ ಫ್ರಾಂಕನ್‌ಸ್ಟೈನ್ ಹೆದರಿ ಓಡುತ್ತಾನೆ. ಇಷರ್‌ವುಡ್‌ರ ಜೀವಿ ಚೆಲುವ. ವಿಕ್ಟರ್ ಅವನಿಗೆ ಮಾತು ಕಲಿಸುತ್ತಾನೆ, ಸಂಗೀತನಾಟಕಕ್ಕೂ ಕರೆದೊಯ್ಯುತ್ತಾನೆ. ಆದರೆ ಕೇಡು ಮೊದಲೇ ಹೊಕ್ಕಿದೆ. ಜೀವ ತುಂಬಿದ ತೋಳೊಂದು ಕೆಡುತ್ತಿರುವುದನ್ನು ಕಂಡ ಗೆಳೆಯ ಕ್ಲೆರ್ವಾಲ್ ಅದನ್ನು ಬರೆದಿಡುತ್ತಿರುವಾಗಲೇ ಎದೆ ನಿಂತು ಸಾಯುತ್ತಾನೆ. ವಾಕ್ಯ ಅರ್ಧಕ್ಕೇ ನಿಲ್ಲುತ್ತದೆ. ವಿಕ್ಟರ್ ಅದನ್ನು ಶುಭವಾರ್ತೆಯೆಂದೇ ಓದಿಕೊಂಡು, ಸತ್ತವನ ಮಿದುಳನ್ನೇ ಜೀವಿಯ ತಲೆಯೊಳಗೆ ಇಡುತ್ತಾನೆ. ಮುಂದೆ ಮುಖ ಕಳೆಗುಂದಿದ ಹಾಗೆ ಅಕ್ಕರೆಯೂ ಬತ್ತುತ್ತದೆ. ಓಡಿಹೋಗುವುದಕ್ಕಿಂತ ಹೀಗೆ ದಿನದಿನಕ್ಕೆ ಕೈಬಿಡುವುದು ಹೆಚ್ಚು ಕ್ರೂರ. ಈ ಒಂದು ಬದಲಾವಣೆಯಲ್ಲಿ ಚಿತ್ರ ಕಾದಂಬರಿಯನ್ನೂ ಮೀರಿಸಿದೆ ಎನ್ನಬೇಕು.

ಕಾವೇರಿಯೂ ಗರ್ಭದಿಂದ ಬಂದವಳಲ್ಲ. ಬ್ರಹ್ಮನ ಮಾನಸಪುತ್ರಿ ಲೋಪಾಮುದ್ರೆ, ಮಕ್ಕಳಿಲ್ಲದ ಕವೇರ ಮುನಿಯ ಮಡಿಲಿಗೆ ಬಂದು ಕಾವೇರಿಯಾದಳು. ಸಾಕಿದವನ ಹೆಸರೇ ಅವಳ ಹೆಸರಾಯಿತು. ಒಂಟಿಯಾಗಿ ಬಿಟ್ಟುಹೋಗಕೂಡದೆಂದು ಮಾತು ತೆಗೆದುಕೊಂಡೇ ಅಗಸ್ತ್ಯನ ಕೈಹಿಡಿದಳು. ಅವನು ಅವಳನ್ನು ಕಮಂಡಲದಲ್ಲಿಟ್ಟು ಸ್ನಾನಕ್ಕೆ ಹೋದ, ಅವಳು ಹರಿದುಬಿಟ್ಟಳು. ಬಲಮುರಿಯಲ್ಲಿ ತಡೆಯಲು ನಿಂತ ಹೆಂಗಸರ ಸೀರೆಯ ನೆರಿಗೆ ನೀರಿನ ರಭಸಕ್ಕೆ ಬೆನ್ನಿಗೆ ಸರಿಯಿತಂತೆ; ಕೊಡವತಿಯರ ನೆರಿಗೆ ಇಂದಿಗೂ ಬೆನ್ನಿಗೇ. ಹರದಾಸ ಅಪ್ಪಚ್ಚಕವಿ (1868–1944) ಈ ಕಥೆಯನ್ನು ಕೊಡವ ತಕ್ಕ್‌ನಲ್ಲಿ ನಾಟಕ ಮಾಡಿದರು. ಮಾತು ತಪ್ಪಿದ ಗಂಡನನ್ನು ಬಿಟ್ಟು ನದಿಯಾಗುವ ದಾರಿ ಕಾವೇರಿಗಿತ್ತು. ವಿಕ್ಟರನ ಜೀವಿಗೆ ಅಂಥ ದಾರಿಯಿಲ್ಲ. ಮಾಡಿದವನ ಜೊತೆಗೇ ಧ್ರುವದ ಹಿಮದಡಿ ಹೂತುಹೋಗುತ್ತಾನೆ.

ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು, ಆಮೇಲೆ ಆಳಿನ ಹೆಸರು. ಶೆಲ್ಲಿಯ ಜೀವಿಗೆ ಎರಡೂ ಇಲ್ಲ. ಜನ ಅವನನ್ನೇ ಫ್ರಾಂಕನ್‌ಸ್ಟೈನ್ ಎನ್ನುತ್ತಾರೆ. ಅದು ಮಾಡಿದವನ ಹೆಸರೆಂದು ವಿದ್ವಾಂಸರು ತಿದ್ದುತ್ತಾರೆ. ಕವೇರನ ಮಗಳನ್ನು ಕಾವೇರಿ ಎಂದು ಕರೆದ ನಾಡಿನಲ್ಲಿ ಕೂತು ನೋಡಿದರೆ, ಜನ ಹೇಳುವುದೇ ಸರಿ.